‘ಆರ್ಫನ್ ಬ್ಲ್ಯಾಕ್’ ನೋಡಿ ಮುಗಿಸಿದೆ: ಮೈ ಅವರದ್ದು, ಪಹಣಿ ಯಾರ ಹೆಸರಲ್ಲಿ?

ಹೊಳೆದಂಡೆ

ಐದೂ ಸೀಸನ್ ಮುಗಿಸಿ ಮೂರು ದಿನ ಆಯ್ತು. ಇನ್ನೂ ತಲೆಯಿಂದ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ನೋಡದವರು ನೋಡಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕೆನಡಾದ ಧಾರಾವಾಹಿ. 2013ರ ಮಾರ್ಚ್‌ನಲ್ಲಿ ಶುರುವಾಗಿ 2017ರ ಆಗಸ್ಟ್‌ನಲ್ಲಿ ಮುಗಿಯಿತು. ಒಟ್ಟು 50 ಕಂತು. ಸಾರಾ ಅನ್ನುವ ಹುಡುಗಿ ಒಂದು ರಾತ್ರಿ ರೈಲು ನಿಲ್ದಾಣದಲ್ಲಿ ಥೇಟ್ ತನ್ನ ಹಾಗೇ ಇರುವ ಹೆಂಗಸನ್ನು ನೋಡುತ್ತಾಳೆ. ಆ ಹೆಂಗಸು ಬ್ಯಾಗು ಕೆಳಗಿಟ್ಟು, ಕಾಲಿನ ಚಪ್ಪಲಿ ಕಳಚಿ, ಬರುವ ರೈಲಿನ ಮುಂದೆ ಹೆಜ್ಜೆ ಇಡುತ್ತಾಳೆ. ಸಾರಾ ಆ ಬ್ಯಾಗು ಎತ್ತಿಕೊಂಡು ಸತ್ತವಳ ಬದುಕಿನೊಳಗೆ ಹೊಕ್ಕುತ್ತಾಳೆ. ಆಮೇಲೆ ಒಬ್ಬೊಬ್ಬರಾಗಿ ಸಿಗುತ್ತಾರೆ. ಆಲಿಸನ್, ಕೊಸಿಮಾ, ಹೆಲೆನಾ, ರೇಚಲ್. ಎಲ್ಲರೂ 1984ರಲ್ಲಿ ಹುಟ್ಟಿದ ತದ್ರೂಪಿಗಳು, ಅಂದರೆ ಒಬ್ಬರದೇ ಜೀವಕೋಶದಿಂದ ಮಾಡಿದ ಕ್ಲೋನ್‌ಗಳು. ಎಲ್ಲರ ಪಾತ್ರವನ್ನೂ ಮಾಡಿದ್ದು ಒಬ್ಬಳೇ, ಟಟಿಯಾನಾ ಮಸ್ಲಾನಿ.

ನನ್ನನ್ನು ಹಿಡಿದು ಕೂರಿಸಿದ್ದು ಮೊದಲ ಸೀಸನ್ನಿನ ಕೊನೆಯ ಕಂತು. ಇವರನ್ನು ಹುಟ್ಟಿದಾಗಿನಿಂದ ಗುಟ್ಟಾಗಿ ಗಮನಿಸುತ್ತಿದ್ದ ಸಂಸ್ಥೆ ಒಂದು ಕರಾರು ಪತ್ರ ತರುತ್ತದೆ. ನಿಮ್ಮ ಪಾಡಿಗೆ ನಿಮ್ಮನ್ನು ಬಿಡುತ್ತೇವೆ, ಸಹಿ ಹಾಕಿ ಅನ್ನುತ್ತದೆ. ಆಲಿಸನ್ ಹಾಕಿಬಿಡುತ್ತಾಳೆ. ಅವಳಿಗೆ ಮನೆ, ಗಂಡ, ಮಕ್ಕಳು ಉಳಿದರೆ ಸಾಕು. ಸಾರಾ ಇನ್ನೇನು ಹಾಕಬೇಕು. ಅತ್ತ ಕೊಸಿಮಾ ಕಂಪ್ಯೂಟರಿನ ಮುಂದೆ ಕೂತು ತನ್ನದೇ ಡಿಎನ್‌ಎ ಅಕ್ಷರಗಳನ್ನು ಬಿಡಿಸುತ್ತಿರುತ್ತಾಳೆ. ಅದರೊಳಗೆ ಯಾರೋ ಬರೆದಿಟ್ಟ ಸಂದೇಶ ಇದೆ. ಈ ಜೀವಿ, ಇದರಿಂದ ಹುಟ್ಟುವ ವಂಶವಾಹಿ ವಸ್ತು ಎಲ್ಲ ನಿರ್ಬಂಧಿತ ಬೌದ್ಧಿಕ ಆಸ್ತಿ ಅಂತ. ಅಂದರೆ ಸಾರಾಳ ಹೊಟ್ಟೆಯಲ್ಲಿ ಹುಟ್ಟಿದ ಪುಟ್ಟ ಮಗಳು ಕೀರಾ ಕೂಡ ಆಸ್ತಿ.

ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕಂದ್ರೆ, ಹೊಲ ಉಳುವವರು ಇವರು, ಪಹಣಿ ಮಾತ್ರ ಕಂಪನಿ ಹೆಸರಲ್ಲಿ.

ಆ ಕಂತು ನೋಡುವಾಗ ನನಗೆ ನೆನಪಾಗಿದ್ದು ನಮ್ಮ ದೊಡ್ಡವ್ವ. ಅವಳಿಗೆ ಹೊಟ್ಟೆನೋವು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವಯಸ್ಸು 34. ಗರ್ಭಕೋಶ ತೆಗೆದು ಕಳಿಸಿದರು. ನಾನಾಗ ಏಳನೇ ಕ್ಲಾಸು. ಮನೆಗೆ ಬಂದಾಗ ಅವಳ ಎಡಗೈ ಹೆಬ್ಬೆರಳಿನ ಮೇಲೆ ನೀಲಿ ಮಸಿ ಹಾಗೇ ಇತ್ತು. ಉಗುರಿನ ಸಂದಿಯಲ್ಲಿ ಎಷ್ಟೋ ದಿನ ಉಳಿದಿತ್ತು. ಆ ಕಾಗದದಲ್ಲಿ ಏನಿತ್ತು ಅಂತ ನಾವ್ಯಾರೂ ಕೇಳಲಿಲ್ಲ. ನಾನಂತೂ ಇವತ್ತಿನ ತನಕ ಕೇಳಿಲ್ಲ.

ನಿಮಗೆ ಈ ಧಾರಾವಾಹಿ ಏನನ್ನಿಸಿತು ಹೇಳಿ. ತಂತ್ರಜ್ಞಾನದ ವಿಷಯಕ್ಕಿಂತ ಈ ಸಹಿಯ ವಿಷಯ ಜಾಸ್ತಿ ಮಾತಾಡೋಣ ಅಂತ ನನ್ನಾಸೆ.

ಟೊರೊಂಟೊ ಚಳಿ

ನಾನಿರುವ ಊರಲ್ಲೇ ಚಿತ್ರೀಕರಣ ಆಗಿದ್ದು. ನಟನೆಯ ಬಗ್ಗೆ ಮೊದಲು ಹೇಳಿಬಿಡ್ತೇನೆ, ಯಾಕಂದ್ರೆ ಗುರುತಿನ ಪ್ರಶ್ನೆ ಎಲ್ಲ ಅಲ್ಲೇ ಇದೆ.

ಇಬ್ಬರು ಮೂವರು ತದ್ರೂಪಿಗಳು ಒಂದೇ ಕೋಣೆಯಲ್ಲಿದ್ದಾಗ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸಬೇಕು. ಕ್ಯಾಮೆರಾ ಪ್ರತಿ ಸಲವೂ ಕೂದಲೆಳೆ ತಪ್ಪದೆ ಅದೇ ದಾರಿಯಲ್ಲಿ ಚಲಿಸಬೇಕು. ಅದಕ್ಕೆ ಕಂಪ್ಯೂಟರ್ ನಡೆಸುವ ಕ್ರೇನ್ ಬಳಸಿದರು. ಎದುರಿಗೆ ನಿಂತು ಮಾತು ಕೊಡಲು ಕ್ಯಾಥರಿನ್ ಅಲೆಕ್ಸಾಂಡರ್ ಎಂಬ ನಟಿ. ಅವಳ ಮುಖ ನಮಗೆ ಕಾಣುವುದೇ ಇಲ್ಲ. ಎರಡನೇ ಸೀಸನ್ನಿನ ಕೊನೆಯಲ್ಲಿ ನಾಲ್ವರೂ ಒಟ್ಟಿಗೆ ಕುಣಿಯುವ ದೃಶ್ಯ ಇದೆಯಲ್ಲ, ಅದನ್ನೊಮ್ಮೆ ಶಬ್ದ ತೆಗೆದು ನೋಡಿ. ಆಲಿಸನ್ ಎಣಿಸಿಕೊಂಡು ಕುಣಿದ ಹಾಗೆ ಕುಣಿಯುತ್ತಾಳೆ. ಹೆಲೆನಾ ಯಾರೂ ನೋಡುತ್ತಿಲ್ಲ ಅನ್ನುವ ಹಾಗೆ. ಮೂಳೆ, ಮಾಂಸ, ಮುಖ ಎಲ್ಲ ಒಂದೇ. ಆದರೂ ಯಾರು ಯಾರು ಅಂತ ಒಂದು ಕ್ಷಣವೂ ಗೊಂದಲ ಆಗಲ್ಲ.

ಇನ್ನೂ ಕಷ್ಟದ್ದು ಯಾವುದು ಗೊತ್ತಾ? ಸಾರಾ ಆಲಿಸನ್ ಆಗಿ ನಟಿಸುವ ದೃಶ್ಯಗಳು. ಆಗ ನಮಗೆ ಆಲಿಸನ್ ಕಾಣಬೇಕು, ಅವಳೊಳಗೆ ತಡವರಿಸುವ ಸಾರಾಳೂ ಕಾಣಬೇಕು. 2016ರಲ್ಲಿ ಮಸ್ಲಾನಿಗೆ ಎಮ್ಮಿ ಪ್ರಶಸ್ತಿ ಬಂತು. ನನ್ನ ಕೇಳಿದರೆ ಮೂರು ವರ್ಷ ತಡವಾಗಿ ಬಂತು.

ಎರಡನೇ ಸೀಸನ್‌ವರೆಗೆ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಬೇಜಾರು ಮಾಡ್ಕೋಬೇಡಿ. ಮೂರನೇ ಸೀಸನ್ನಿನಿಂದ ಕಥೆ ಕೈತಪ್ಪಿತು. ಸಂಸ್ಥೆಯ ಹಿಂದೆ ಸಂಸ್ಥೆ, ಅದರ ಹಿಂದೆ ಇನ್ನೊಂದು ಸಂಸ್ಥೆ. ಸೇನೆಯವರು ಸಾಕಿದ ಗಂಡು ತದ್ರೂಪಿಗಳು ಬೇರೆ. ಕೊನೆಗೆ ನೂರೆಪ್ಪತ್ತು ವರ್ಷ ಬದುಕಿದ್ದೇನೆ ಅನ್ನುವ ಮುದುಕ. ಮೈಯ ಹಕ್ಕಿನ ಮಾತು ಈ ಗದ್ದಲದಲ್ಲಿ ಮುಳುಗಿಹೋಯಿತು ಅಂತ ನನಗನ್ನಿಸಿತು.

ಆದರೆ ಎರಡನೇ ಸೀಸನ್ನಿನ ಹೆಲೆನಾಳನ್ನು ಮರೆಯಲು ಆಗಲ್ಲ. ಮತದ ಹೆಸರು ಹೇಳಿಕೊಂಡು ಬದುಕುವ ಒಂದು ಗುಂಪು ಅವಳನ್ನು ತೋಟದ ಮನೆಗೆ ಕೊಂಡೊಯ್ಯುತ್ತದೆ. ಮತ್ತು ಬರಿಸಿ, ಮದುವೆಯ ಶಾಸ್ತ್ರ ಮಾಡಿ, ಅವಳ ಅಂಡಾಣು ತೆಗೆದುಕೊಳ್ಳುತ್ತದೆ. ಅವರಲ್ಲಿ ಯಾರೂ ತಮ್ಮನ್ನು ಕೆಟ್ಟವರು ಅಂದುಕೊಂಡಿಲ್ಲ. ಅವಳಿಗೆ ಊಟ ಹಾಕುತ್ತಾರೆ, ಪ್ರೀತಿಯಿಂದ ಮಾತಾಡುತ್ತಾರೆ. ಅದೇ ನನ್ನನ್ನು ನಡುಗಿಸಿದ್ದು.

ಕಪ್ಪುಕೋಟು

ಹೊಳೆದಂಡೆಯವರೇ, ಕಾನೂನಿನ ಕಡೆಯಿಂದ ಒಂದೆರಡು ಸಂಗತಿ ಸೇರಿಸ್ತೇನೆ.

ನೀವು ಹೇಳಿದ ಕಂತು ಅಮೆರಿಕದಲ್ಲಿ ಪ್ರಸಾರವಾಗಿದ್ದು 2013ರ ಜೂನ್ 1ಕ್ಕೆ. ಸರಿಯಾಗಿ ಹನ್ನೆರಡು ದಿನ ಕಳೆದು, ಜೂನ್ 13ಕ್ಕೆ, ಅಮೆರಿಕದ ಸುಪ್ರೀಂ ಕೋರ್ಟು ಮಿರಿಯಡ್ ಜೆನೆಟಿಕ್ಸ್ ಪ್ರಕರಣದ ತೀರ್ಪು ಕೊಟ್ಟಿತು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ನಂಟಿರುವ ಎರಡು ಜೀನ್‌ಗಳ ಮೇಲೆ ಆ ಕಂಪನಿ ಪೇಟೆಂಟ್ ಇಟ್ಟುಕೊಂಡಿತ್ತು. ಪ್ರಕೃತಿಯಲ್ಲಿ ಇರುವ ಡಿಎನ್‌ಎಯನ್ನು ಬೇರ್ಪಡಿಸಿದ ಮಾತ್ರಕ್ಕೆ ಅದು ನಿಮ್ಮ ಆವಿಷ್ಕಾರ ಆಗಲ್ಲ ಅಂತ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಪ್ರಯೋಗಾಲಯದಲ್ಲಿ ಕಟ್ಟಿದ ಒಂದು ಬಗೆಯ ಡಿಎನ್‌ಎಗೆ ಪೇಟೆಂಟ್ ಕೊಡಬಹುದು ಅಂತಲೂ ಹೇಳಿದರು. ಧಾರಾವಾಹಿಯ ಸಂದೇಶ ಅಡಗಿರುವುದು ಕೈಯಾರೆ ಸೇರಿಸಿದ ಅಕ್ಷರಗಳಲ್ಲಿ. ಬರೆದವರು ಯೋಚನೆ ಮಾಡಿಯೇ ಬರೆದಿದ್ದಾರೆ.

ಆದರೂ ಇಡೀ ಮನುಷ್ಯನ ಮೇಲೆ ಪೇಟೆಂಟ್ ನಿಲ್ಲಲ್ಲ. ಮಾನವ ಜೀವಿಯ ಮೇಲೆ ಪೇಟೆಂಟ್ ಕೊಡಬಾರದು ಅಂತ ಅಮೆರಿಕದ 2011ರ ಪೇಟೆಂಟ್ ಸುಧಾರಣಾ ಕಾಯ್ದೆಯಲ್ಲೇ ಬರೆದಿದೆ. ನಮ್ಮ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಕೂಡ ಸೂಕ್ಷ್ಮಜೀವಿಗಳನ್ನು ಬಿಟ್ಟು ಉಳಿದ ಸಸ್ಯ, ಪ್ರಾಣಿಗಳನ್ನು ಪೂರ್ತಿಯಾಗಲೀ ಭಾಗವಾಗಲೀ ಪೇಟೆಂಟ್ ಮಾಡಲು ಬಿಡಲ್ಲ. ಅಂದರೆ ಸಾರಾ ಕೋರ್ಟಿಗೆ ಹೋಗಿದ್ದರೆ ಗೆಲ್ಲುತ್ತಿದ್ದಳು.

ಹೊಳೆದಂಡೆ

ಕಪ್ಪುಕೋಟು ಸರ್, ಗೆಲ್ಲುತ್ತಿದ್ದಳು ಅನ್ನೋದು ಸರಿ. ಆದರೆ ಕೋರ್ಟಿನ ತನಕ ಹೋಗೋದು ಹೇಗೆ? ಹೋಗಬೇಕಂದ್ರೆ ‘ನಾನು ತದ್ರೂಪಿ’ ಅಂತ ಜಗತ್ತಿಗೆಲ್ಲ ಹೇಳಬೇಕು. ಆಮೇಲೆ ಮಗಳು ಶಾಲೆಗೆ ಹೋಗೋದು ಹೇಗೆ? ಆ ಸಂಸ್ಥೆ ಬದುಕಿದ್ದೇ ಆ ಹೆದರಿಕೆಯ ಮೇಲೆ. ಕಾಗದ ಸುಳ್ಳು, ಹೆದರಿಕೆ ನಿಜ. ನಮ್ಮೂರಲ್ಲಿ ಸುಳ್ಳು ಪಹಣಿ ತೋರಿಸಿ ಹೊಲ ಬಿಡಿಸಿದವರಿದ್ದಾರೆ. ಕೋರ್ಟಿಗೆ ಹೋಗಿ ಅಂತ ಎಲ್ಲರೂ ಹೇಳ್ತಾರೆ. ಬಸ್‌ಚಾರ್ಜ್ ಯಾರು ಕೊಡ್ತಾರೆ?

ಎರಡನೇ ಸೀಸನ್ನಿನ ಕೊನೆಯ ಕಂತು ನೆನಪು ಮಾಡಿಕೊಳ್ಳಿ. ಕೀರಾಳನ್ನು ರೇಚಲ್ ಎತ್ತಿಕೊಂಡು ಹೋಗಿರುತ್ತಾಳೆ. ಸಾರಾ ತಾನಾಗಿ ಬಂದು ಶರಣಾಗುತ್ತಾಳೆ. ಅವಳನ್ನು ಕೂರಿಸಿಕೊಂಡು ಮೈಯ ಇತಿಹಾಸ ಎಲ್ಲ ಕೇಳುತ್ತಾರೆ. ಸಹಿ ಹಾಕಿಸುತ್ತಾರೆ. ಅಂಡಾಶಯ ತೆಗೆಯಲು ಮೇಜಿನ ಮೇಲೆ ಮಲಗಿಸುತ್ತಾರೆ. ಕಾಗದದ ಪ್ರಕಾರ ಎಲ್ಲವೂ ಸರಿ. ಅವಳೇ ನಡೆದು ಬಂದಳು, ಅವಳೇ ಸಹಿ ಹಾಕಿದಳು. ಮಗಳು ಒತ್ತೆಯಲ್ಲಿದ್ದಳು ಅಂತ ಆ ಕಾಗದದಲ್ಲಿ ಎಲ್ಲೂ ಇರಲ್ಲ.

ಪೈಪೆಟ್

ನಾನು ಬೆಂಗಳೂರಿನಲ್ಲಿ ಜೀವಕೋಶ ಬೆಳೆಸುವ ಕೆಲಸದಲ್ಲಿದ್ದೇನೆ. ಈ ಧಾರಾವಾಹಿಯಲ್ಲಿ ಜಾಸ್ತಿ ಜನ ಮರೆಯುವ ಪಾತ್ರ ಒಂದಿದೆ, ಕೆಂಡಾಲ್ ಮಲೋನ್. ಎಲ್ಲ ತದ್ರೂಪಿಗಳ ಮೂಲ ಅವಳು. ಅವಳು ಜೈಲಿನಲ್ಲಿದ್ದಾಗ ಅವಳ ಜೀವಕೋಶ ತೆಗೆದುಕೊಂಡಿದ್ದು. ಏನು ಮಾಡುತ್ತಾರೆ ಅಂತ ಯಾರೂ ಹೇಳಲಿಲ್ಲ. ಕಂಬಿಯ ಹಿಂದೆ ಇರುವವರ ಒಪ್ಪಿಗೆಗೆ ಎಷ್ಟು ಬೆಲೆ, ನೀವೇ ಹೇಳಿ.

ಇದು ಬರೀ ಕಥೆ ಅಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಕೈಗೆ ಒಂದು ಫ್ಲಾಸ್ಕ್ ಕೊಟ್ಟರು. ತಳದಲ್ಲಿ ಗುಲಾಬಿ ಬಣ್ಣದ ದ್ರವ. ಮೇಲೆ ಮಾರ್ಕರ್‌ನಲ್ಲಿ ‘ಹೀಲಾ’ ಅಂತ, ಕೆಳಗೆ ತಾರೀಖು. 37 ಡಿಗ್ರಿಯಲ್ಲಿಡು, ಚೆನ್ನಾಗಿ ಬೆಳೆಯುತ್ತೆ ಅಂದರು. ಅದು ಒಬ್ಬ ಹೆಂಗಸಿನ ಹೆಸರಿನ ತುಂಡು ಅಂತ ಯಾರೂ ಹೇಳಲಿಲ್ಲ. ಹೆನ್ರಿಯೆಟಾ ಲ್ಯಾಕ್ಸ್. ಬಡ ಕಪ್ಪು ಹೆಂಗಸು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರ್‌ನಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವಾಗ ಅವರ ಜೀವಕೋಶ ತೆಗೆದರು, ಕೇಳದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಹೋದರು. ಜೀವಕೋಶಗಳು ಸಾಯಲಿಲ್ಲ. ಪೋಲಿಯೊ ಲಸಿಕೆಯ ಪರೀಕ್ಷೆಯಿಂದ ಹಿಡಿದು ಎಷ್ಟೋ ಕೆಲಸಕ್ಕೆ ಬಂದವು. ಮನೆಯವರಿಗೆ ಗೊತ್ತಾಗಿದ್ದು ಎರಡು ದಶಕ ಕಳೆದ ಮೇಲೆ. ಒಂದು ದೊಡ್ಡ ಕಂಪನಿ ಅವರ ಕುಟುಂಬದ ಜೊತೆ ರಾಜಿ ಮಾಡಿಕೊಂಡಿದ್ದು 2023ರಲ್ಲಿ.

ಇನ್ನೊಂದು, ಜಾನ್ ಮೂರ್ ಅನ್ನುವವರದ್ದು. ರಕ್ತದ ಕ್ಯಾನ್ಸರಿಗೆ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅವರ ಗುಲ್ಮ ತೆಗೆದರು. ಆಮೇಲೂ ವರ್ಷಗಟ್ಟಲೆ ತಪಾಸಣೆಗೆ ಅಂತ ಕರೆಸಿ ರಕ್ತ, ಮಜ್ಜೆ ತೆಗೆದುಕೊಳ್ಳುತ್ತಿದ್ದರು. ಅದರಿಂದ ಬೆಳೆಸಿದ ಜೀವಕೋಶಗಳಿಗೆ ವಿಶ್ವವಿದ್ಯಾಲಯ ಪೇಟೆಂಟ್ ಪಡೆಯಿತು. ಯಾವ ವರ್ಷ ಗೊತ್ತಾ? 1984. ಸಾರಾ, ಕೊಸಿಮಾ ಎಲ್ಲ ಹುಟ್ಟಿದ ವರ್ಷ. ಬರೆದವರು ಬೇಕೆಂದೇ ಇಟ್ಟರೋ ಏನೋ, ನನಗಂತೂ ಮೈ ಜುಮ್ ಅಂತು. 1990ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಹೇಳಿದ್ದು ಹೀಗೆ. ವೈದ್ಯರು ತಮ್ಮ ಲಾಭದ ವಿಷಯ ಮುಚ್ಚಿಟ್ಟದ್ದು ತಪ್ಪು, ಅದಕ್ಕೆ ಅವರ ಮೇಲೆ ದಾವೆ ಹಾಕಬಹುದು. ಆದರೆ ಮೈಯಿಂದ ತೆಗೆದ ಜೀವಕೋಶ ತಮ್ಮ ಆಸ್ತಿ ಅಂತ ಮೂರ್ ಕೇಳುವ ಹಾಗಿಲ್ಲ.

ಈಗಲೂ ಹೀಲಾ ಫ್ಲಾಸ್ಕ್ ತೆಗೆಯುವಾಗ ಒಂದು ಸಲ ಆ ಹೆಸರನ್ನು ಪೂರ್ತಿ ಹೇಳಿಕೊಳ್ತೇನೆ.

ಅನುಮಾನ

ಎಲ್ಲರೂ ಒಪ್ಪಿಗೆ ಒಪ್ಪಿಗೆ ಅಂತೀರಿ. ಒಂದು ಪ್ರಶ್ನೆ. ಹುಟ್ಟುವ ಮುಂಚೆ ಯಾವ ಮಗುವನ್ನು ಕೇಳಿದ್ದಾರೆ? ನನ್ನನ್ನೂ ಕೇಳಲಿಲ್ಲ. ಅಪ್ಪ ಅಮ್ಮ ಹೆಸರಿಟ್ಟರು, ಕಿವಿ ಚುಚ್ಚಿಸಿದರು, ಸೈನ್ಸ್ ತಗೋ ಅಂದರು. ತದ್ರೂಪಿಗಳಿಗೆ ಆಗಿದ್ದು ಇದಕ್ಕಿಂತ ಹೇಗೆ ಬೇರೆ? ವಾದಕ್ಕೆ ಕೇಳ್ತಿಲ್ಲ, ನಿಜವಾಗಿ ಗೊತ್ತಾಗ್ತಿಲ್ಲ.

ಅವಳಿಯಲ್ಲೊಬ್ಬಳು

ಅನುಮಾನ ಅವರೇ, ನಾನೊಂದು ಉತ್ತರ ಪ್ರಯತ್ನ ಮಾಡ್ತೇನೆ. ಉದ್ದ ಆಗಬಹುದು.

ನಾವು ಅವಳಿ, ಒಂದೇ ಭ್ರೂಣ ಎರಡಾಗಿ ಹುಟ್ಟಿದವರು. ಅಂದರೆ ಪ್ರಕೃತಿಯೇ ಮಾಡಿದ ತದ್ರೂಪಿಗಳು. ನನ್ನ ಅಕ್ಕ ಹನ್ನೊಂದು ನಿಮಿಷ ದೊಡ್ಡವಳು. ಶಾಲೆಯಲ್ಲಿ ಲಸಿಕೆ ಹಾಕಲು ಬಂದಾಗ ನನಗೇ ಎರಡು ಸಲ ಚುಚ್ಚಿದ್ದರು. ‘ನಂಗಾಯ್ತು’ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಗೆ ಬಂದು ಅತ್ತಾಗ ಅತ್ತೆ ಅಂದರು, ‘ಇಬ್ಬರೂ ಒಂದೇ ಅಲ್ವಾ, ಬಿಡು.’ ತೋಳು ಊದಿದ್ದು ನನ್ನದು. ಅಕ್ಕನದಲ್ಲ.

ದೊಡ್ಡವರಾದ ಮೇಲೆ ಒಂದು ಮನೆಯವರು ಹೆಣ್ಣು ನೋಡಲು ಬಂದರು. ಉಪ್ಪಿಟ್ಟು, ಕಾಫಿ ಆಯ್ತು. ಹುಡುಗನ ಅಮ್ಮ ನಗುತ್ತಾ ನಮ್ಮಪ್ಪನಿಗೆ ಹೇಳಿದರು, ‘ಇಬ್ಬರಲ್ಲಿ ಯಾರಾದರೂ ನಮಗೆ ಪರವಾಗಿಲ್ಲ.’ ಅವರ ಮನಸ್ಸಿನಲ್ಲಿ ಅದು ಹೊಗಳಿಕೆ. ಅಕ್ಕ ಟ್ರೇ ಹಿಡಿದು ನಿಂತಿದ್ದಳು. ಅವಳ ಕೈಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದದ್ದು ನನಗೊಬ್ಬಳಿಗೇ ಕೇಳಿಸಿತು. ಮರುದಿನವೇ ಹೋಗಿ ನಾನು ಕೂದಲು ಕತ್ತರಿಸಿಕೊಂಡು ಬಂದೆ.

ಈಗ ನಿಮ್ಮ ಪ್ರಶ್ನೆ. ನಮ್ಮಪ್ಪ ಅಮ್ಮನೂ ನಮ್ಮನ್ನು ಕೇಳಿ ಹುಟ್ಟಿಸಲಿಲ್ಲ. ಆದರೆ ನಮ್ಮ ಮೇಲೆ ಫೈಲು ಇಡಲಿಲ್ಲ. ರಾತ್ರಿ ಮಲಗಿದಾಗ ಬಂದು ತಪಾಸಣೆ ಮಾಡಿ ಹೋಗಲಿಲ್ಲ. ಆಲಿಸನ್‌ಗೆ ಕಾವಲಿದ್ದದ್ದು ಅವಳ ಗಂಡನೇ. ಅವಳ ದಿನಚರಿ ವರದಿ ಮಾಡುತ್ತಿದ್ದ. ಅವನಿಗೂ ಯಾತಕ್ಕೆ ಅಂತ ಸರಿಯಾಗಿ ಗೊತ್ತಿರಲಿಲ್ಲ. ತದ್ರೂಪಿಗಳಿಗೆ ಮಕ್ಕಳಾಗದ ಹಾಗೆ ಮೊದಲೇ ಮಾಡಿಟ್ಟಿದ್ದರು, ಆ ಬದಲಾವಣೆಯಿಂದಲೇ ಅವರಿಗೆ ಕಾಯಿಲೆ ಶುರುವಾಗಿದ್ದು. ಸಾರಾ, ಹೆಲೆನಾ ಇಬ್ಬರು ಅವಳಿಗಳಿಗೆ ಮಾತ್ರ ಅದು ಹತ್ತಲಿಲ್ಲ. ನಾನು ‘ಸೈನ್ಸ್ ಬೇಡ’ ಅಂದಾಗ ಅಪ್ಪ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಕಾಮರ್ಸ್ ಫಾರಂ ತಂದುಕೊಟ್ಟರು. ಬೇಡ ಅಂದರೆ ಬಿಡುವ ಜಾಗ ಒಂದು ಇತ್ತಲ್ಲ. ಕೊಸಿಮಾಗೆ ಅದು ಇರಲಿಲ್ಲ.

ಹೊಳೆದಂಡೆ ಅಕ್ಕ, ನಿಮ್ಮ ದೊಡ್ಡವ್ವ ಇನ್ನೂ ಇದ್ದಾರಾ? ಇದ್ದರೆ ಕೇಳಿ. ಅವರಿಗೆ ಯಾರೂ ಕೇಳಿಯೇ ಇಲ್ಲ ಅಂತ ಅನ್ನಿಸಿರಬಹುದು.

ಪೈಪೆಟ್

ಅವಳಿಯವರ ಮಾತಿಗೆ ವಿಜ್ಞಾನದ್ದೂ ಬೆಂಬಲ ಇದೆ. 2001ರಲ್ಲಿ ಟೆಕ್ಸಾಸ್‌ನಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು, ಹೆಸರು ಸಿಸಿ. ಅದರ ಮೂಲ ಬೆಕ್ಕು ಮೂರು ಬಣ್ಣದ್ದು. ಸಿಸಿಯ ಮೈಮೇಲೆ ಕಿತ್ತಳೆ ಬಣ್ಣವೇ ಇರಲಿಲ್ಲ. ಹೆಣ್ಣು ಬೆಕ್ಕಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್ ಕ್ರೋಮೊಸೋಮಿನಲ್ಲಿ ಒಂದು ಸುಮ್ಮನಾಗುತ್ತದೆ. ತುಪ್ಪಳದ ಬಣ್ಣ ಅದರ ಮೇಲೆ ನಿಂತಿದೆ. ತೊಗಲಿನ ಬಣ್ಣವನ್ನೇ ಹೇಳಿದ ಹಾಗೆ ಮಾಡಿಸಲು ಆಗದ ಜೀನ್‌ಗಳು ಮನಸ್ಸನ್ನು ಹೇಗೆ ಅಚ್ಚು ಹಾಕುತ್ತವೆ? ಡಾಲಿ ಕುರಿಯನ್ನೂ ನೆನಪಿಡಿ. 1996ರಲ್ಲಿ ಆ ಒಂದು ಕುರಿ ಹುಟ್ಟಲು 277 ಪ್ರಯತ್ನ ಬೇಕಾಯಿತು. ಮನುಷ್ಯರಲ್ಲಿ ಇದನ್ನು ಮಾಡಹೊರಟರೆ ಆ ಉಳಿದ 276 ಯಾರ ಹೊಟ್ಟೆಯಲ್ಲಿ, ಯಾರ ಅಂಡಾಣುವಿನಲ್ಲಿ? ನಮ್ಮ ದೇಶದ ಕಾಂಡಕೋಶ ಸಂಶೋಧನೆಯ ಮಾರ್ಗಸೂಚಿಯಲ್ಲಿ ಮನುಷ್ಯರ ತದ್ರೂಪು ಹುಟ್ಟಿಸುವುದಕ್ಕೆ ನಿಷೇಧ ಇದೆ. ನನಗೆ ಆ ಸಾಲು ಓದಿದಾಗೆಲ್ಲ ಸಮಾಧಾನ.

ಎರಡನೇ ಸೀಸನ್‌ವರೆಗೆ

ಬೇತಾಳನ ಕಥೆ ನೆನಪಾಯ್ತು. ತಲೆ ಅದಲುಬದಲಾದ ಇಬ್ಬರಲ್ಲಿ ಗಂಡ ಯಾರು ಅಂತ ಬೇತಾಳ ಕೇಳುತ್ತದೆ. ತಲೆ ಯಾರದ್ದೋ ಅವನೇ ಅನ್ನುತ್ತಾನೆ ರಾಜ. ಆ ಇಬ್ಬರನ್ನೂ ಯಾರೂ ಕೇಳಲ್ಲ, ಆ ಹೆಂಗಸನ್ನಂತೂ ಕೇಳುವುದೇ ಇಲ್ಲ. ಅವಳಿಯವರ ಬರಹ ಓದಿದ ಮೇಲೆ ಮೂರನೇ ಸೀಸನ್ನಿನಿಂದ ಮತ್ತೆ ನೋಡಬೇಕು ಅನ್ನಿಸ್ತಿದೆ.

ನಡುಹಗಲು

ಟೋನಿಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆದೆ. ಅದೇ ತದ್ರೂಪಿಗಳಲ್ಲಿ ಒಬ್ಬ ಗಂಡಸಾಗಿ ಬದುಕುತ್ತಾನೆ. 2014ರ ಜೂನ್‌ನಲ್ಲಿ ಒಂದೇ ಒಂದು ಕಂತಿನಲ್ಲಿ ಬಂದು ಹೋದ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟು ನಾಲ್ಸಾ ತೀರ್ಪಿನಲ್ಲಿ ಲಿಂಗದ ಗುರುತು ಹೇಳಿಕೊಳ್ಳುವುದು ಆಯಾ ವ್ಯಕ್ತಿಯ ಹಕ್ಕು ಅಂದಿತ್ತು. ಪಾತ್ರ ಇನ್ನೂ ಬೆಳೆಯಬೇಕಿತ್ತು, ಒಪ್ತೇನೆ. ಆದರೂ ‘ಇವರೆಲ್ಲ ಒಂದೇ ಅಚ್ಚು’ ಅನ್ನುವ ಮಾತಿಗೆ ಅವನಿಗಿಂತ ಗಟ್ಟಿ ಉತ್ತರ ಬೇಕಾ? ಅವತ್ತು ನಾನು ಆ ಕಂತನ್ನು ಮೂರು ಸಲ ನೋಡಿದೆ.

ಕಪ್ಪುಕೋಟು

ಹೊಳೆದಂಡೆಯವರೇ, ನಿಮ್ಮ ಬಸ್‌ಚಾರ್ಜಿನ ಮಾತು ಎರಡು ದಿನದಿಂದ ಕೊರೆಯುತ್ತಿದೆ. ನೀವು ಹೇಳಿದ್ದು ಸರಿ. ನಾನು ಗೆದ್ದ ಮೇಲಿನ ಮಾತಾಡಿದೆ, ನೀವು ಹೊರಡುವ ಮುಂಚಿನದ್ದು ಕೇಳಿದಿರಿ.

ದೊಡ್ಡವ್ವನ ವಿಷಯಕ್ಕೆ ಹತ್ತಿರದ ತೀರ್ಪು ಒಂದಿದೆ. ಸಮೀರಾ ಕೊಹ್ಲಿ ಪ್ರಕರಣ, ಸುಪ್ರೀಂ ಕೋರ್ಟು, 2008ರ ಜನವರಿ. ಆಕೆ ಒಪ್ಪಿದ್ದು ಒಳಗೆ ನೋಡುವ ಪರೀಕ್ಷೆಗೆ. ಅರಿವಳಿಕೆಯಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ಎರಡೂ ತೆಗೆದರು. ಪ್ರಾಣಾಪಾಯ ಇಲ್ಲದಿದ್ದಾಗ ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಆಗುವುದಿಲ್ಲ, ಎಚ್ಚರವಾದ ಮೇಲೆ ಅವಳನ್ನೇ ಕೇಳಬೇಕಿತ್ತು ಅಂದಿತು ಕೋರ್ಟು. ಒಪ್ಪುವವರಿಗೆ ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ಮೊದಲು ತಿಳಿಸಿರಬೇಕು.

ಇನ್ನೊಂದು ತಾರೀಖು. ಧಾರಾವಾಹಿಯ ಕೊನೆಯ ಕಂತು 2017ರ ಆಗಸ್ಟ್ 12ಕ್ಕೆ. ಆಗಸ್ಟ್ 24ಕ್ಕೆ ನಮ್ಮ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ನಮ್ಮ ಮೈಯ ಬಗ್ಗೆ ನಾವೇ ತೀರ್ಮಾನಿಸುವುದೂ ಅದರಲ್ಲಿ ಸೇರುತ್ತದೆ. ಅರ್ಜಿ ಹಾಕಿದ್ದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಹಾಕುವಾಗ ಅವರ ವಯಸ್ಸು ಎಂಬತ್ತು ದಾಟಿತ್ತು.

ದಾಖಲೆ ಈಗ ಸಿಗಲಿಕ್ಕಿಲ್ಲ. ವೈದ್ಯಕೀಯ ನಿಯಮದ ಪ್ರಕಾರ ಮೂರು ವರ್ಷ ಇಟ್ಟರೆ ಸಾಕು. ಆದರೆ ಈಗ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಕೇಳಿ ತಗೊಳ್ಳಿ, 72 ಗಂಟೆಯೊಳಗೆ ಕೊಡಬೇಕು.

ಟೊರೊಂಟೊ ಚಳಿ

ಕೊನೆಯ ಕಂತಿನ ಹೆರಿಗೆಯ ಬಗ್ಗೆಯೂ ಒಂದು ಮಾತು. ಹೆಲೆನಾ ನೆಲಮಾಳಿಗೆಯಲ್ಲಿ ಹೆರುತ್ತಾಳೆ, ಸಾರಾ ಹಿಡಿದುಕೊಂಡಿರುತ್ತಾಳೆ. ನಡುನಡುವೆ ಸಾರಾ ಕೀರಾಳನ್ನು ಹೆತ್ತ ದಿನ ಬಂದು ಹೋಗುತ್ತದೆ. ಎಲ್ಲರೂ ಕಣ್ಣಿಟ್ಟಿದ್ದ ಆ ಹೊಟ್ಟೆಯಿಂದ ಎರಡು ಗಂಡು ಮಕ್ಕಳು. ಹೆಸರಿಟ್ಟವಳು ಹೆಲೆನಾ. ಆಮೇಲೆ ಕೊಸಿಮಾ ಔಷಧಿ ಹಿಡಿದು ಹೊರಡುತ್ತಾಳೆ. ಜಗತ್ತಿನಲ್ಲಿ ಒಟ್ಟು 274 ತದ್ರೂಪಿಗಳು. ಒಬ್ಬೊಬ್ಬರನ್ನೇ ಹುಡುಕಬೇಕು. ಪಟ್ಟಿ ಕೊಟ್ಟವಳು ರೇಚಲ್. ಸಹಿ ಹಾಕಿಸುತ್ತಿದ್ದ ಅದೇ ರೇಚಲ್.

ಹೊಳೆದಂಡೆ

ಭಾನುವಾರ ಊರಿಗೆ ಹೋಗಿದ್ದೆ. ದೊಡ್ಡವ್ವ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕ ಕೂತು ನಾನೂ ಬಿಡಿಸಿದೆ. ಒಂದು ಮೊರ ಮುಗಿಯುವ ತನಕ ಬಾಯಿ ಬರಲಿಲ್ಲ. ಆಮೇಲೆ ಕೇಳಿದೆ. ದೊಡ್ಡವ್ವ, ಅವತ್ತು ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿದೆಯಲ್ಲ, ಅದು ಯಾತಕ್ಕೆ ಅಂತ ತಿಳಿದಿದ್ದೆ?

ಅವಳು ತಲೆ ಎತ್ತಲಿಲ್ಲ. ‘ರಕ್ತಾ ತಪಾಸ್ ಮಾಡಾಕ ಅಂತ ತಿಳಕೊಂಡಿದ್ದೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿಮ್ಮ ದೊಡ್ಡಪ್ಪಗ ಗೊತ್ತಿತ್ತು’ ಅಂದಳು.

ಎರಡನೇ ಮೊರ ತುಂಬುವ ತನಕ ಅವಳೇ ಮಾತಾಡಿದಳು. ಮಗಳ ಮೇಲೆ ಇನ್ನೊಂದು ಗಂಡು ಬೇಕು ಅಂತ ಅವಳಿಗೆ ಆಸೆ ಇತ್ತಂತೆ. ಹೆಸರೂ ಯೋಚಿಸಿಟ್ಟಿದ್ದಳಂತೆ. ಆ ಹೆಸರು ನನಗೆ ಹೇಳಿದಳು. ಇಲ್ಲಿ ಬರೆಯಲ್ಲ, ಅದು ಅವಳದ್ದು.